ಗರಿ ಸಾಹೇಬರು

ಅಂಗಿಯ ಮೊದಲ ಗುಂಡಿ ಹಾಕುವಷ್ಟರಲ್ಲಿ ಅದು ಬಿಸಿಯಾಗಿದೆ ಅನಿಸಿತು ಅವನಿಗೆ. ನಾಲ್ಕು ದಿನದಿಂದ ಬೀರುವಿನಲ್ಲಿ ಮಡಿಕೆ ಮುರಿಯದೆ ಬಿದ್ದಿದ್ದ ಅಂಗಿ, ಬಿಸಿಯಾಗಿರುವುದು ಹೇಗೆ? ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದ. ಕೆನ್ನೆಗೆ ಒತ್ತಿ ನೋಡಿದ. ತಣ್ಣಗೆ, ಗರಿಗರಿಯಾಗಿ, ಗಂಜಿಯ ತೆಳು ವಾಸನೆ ಹೊತ್ತುಕೊಂಡು ಎಂದಿನಂತೆಯೇ ಇತ್ತು. ಮತ್ತೆ ತೊಟ್ಟ. ಮತ್ತೆ ಬೆನ್ನಿಗೆ ಅದೇ ಬಿಸಿ, ಯಾರೋ ಅಂಗೈ ಅಗಲಿಸಿ ಒತ್ತಿ ಹಿಡಿದ ಹಾಗೆ. "ರೀ, ಏನದು ಹಾಕ್ಕೊಳ್ಳೋದು ಬಿಚ್ಚೋದು, ಮಕ್ಕಳ ಹಾಗೆ," ಎಂದಳು ಹೆಂಡತಿ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತು. "ಇದು ಸೇರಿ ಎರಡೇ ಉಳಿದಿರೋದು. ಮೂರು ಅಲ್ಲೇ ಇದ್ವು. ಅವಿನ್ನೆಲ್ಲಿ ಸಿಗುತ್ವೆ ಬಿಡಿ. ಬೇರೆ ಕಡೆ ಎಲ್ಲಾದ್ರೂ ನೋಡ್ಕೋಬೇಕು." ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಹಾಲಿನವನು ಬರದಿದ್ದರೆ ಹೇಳುವ ಹಾಗೆಯೇ ಹೇಳಿದ್ದಳು. ಮೊನ್ನೆ ಮಧ್ಯಾಹ್ನ ಲಾಂಡ್ರಿಯ ಬಾಯ್ಲರ್ ಸಿಡಿದು ಇಸ್ತ್ರಿ ಹೆಂಗಸೊಬ್ಬಳ ಮೈ ಬೆಂದುಹೋದದ್ದು ಅವಳಿಗೂ ಗೊತ್ತು, ಇಡೀ ಬೀದಿಗೂ ಗೊತ್ತು. ಆ ಹೆಂಗಸು ಈಗ ಮಾತಾಡುವ ಸ್ಥಿತಿಯಲ್ಲಿದ್ದಾಳೆ, ಬಂದು ಹೇಳಿಕೆ ಬರೆದುಕೊಳ್ಳಬಹುದು ಎಂದು ಆಸ್ಪತ್ರೆಯಿಂದ ಬೆಳಿಗ್ಗೆ ಫೋನ್ ಬಂದದ್ದು ಅವನಿಗೊಬ್ಬನಿಗೇ ಗೊತ್ತು. ಟೀ ಬಾಯಿಗಿಟ್ಟವನು ಕುಡಿಯದೆ ಕಿಟಕಿಯ ಮೇಲಿಟ್ಟ. ಅಡುಗೆಮನೆಯಲ್ಲಿ ಕುಕ್ಕರ್ ಸದ್ದು ಮಾಡಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತ.

ಠಾಣೆಯಲ್ಲಿ ಅವನಿಗೆ ಗರಿ ಸಾಹೇಬರು ಅಂತ ಹೆಸರು. ಕಾನ್‌ಸ್ಟೇಬಲ್‌ಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದದ್ದು ಎಂದೋ ಒಮ್ಮೆ ಕಿವಿಗೆ ಬಿದ್ದಿತ್ತು, ಬಿದ್ದಾಗ ಸಿಟ್ಟು ಬರುವ ಬದಲು ಒಳಗೊಳಗೇ ಹಿಗ್ಗಿದ್ದ. ಬೇರೆ ಸಬ್ ಇನ್ಸ್‌ಪೆಕ್ಟರ್‌ಗಳ ಅಂಗಿ ಮಧ್ಯಾಹ್ನದ ಹೊತ್ತಿಗೆ ಒದ್ದೆ ಕಾಗದದಂತೆ ಮೈಗೆ ಅಂಟಿರುತ್ತಿತ್ತು. ಅವನದರ ತೋಳಿನ ಗೆರೆ ಸಂಜೆಯವರೆಗೂ ಚೂರಿಯ ಅಲಗಿನ ಹಾಗೆ ನಿಂತಿರುತ್ತಿತ್ತು. ಹೆಸರಿನಲ್ಲಿ ಇನ್ನೊಂದು ಅರ್ಥವೂ ಇದೆ ಎಂದು ಅವನು ನಂಬಿದ್ದ. ಅವನ ಕೈ ಶುದ್ಧ ಎನ್ನುವುದು ಇಲಾಖೆಗೆಲ್ಲ ಗೊತ್ತಿದ್ದ ಮಾತು. ಮರದ ವ್ಯಾಪಾರಿಯೊಬ್ಬ ಕಡತದ ಕೆಳಗೆ ಸರಿಸಿಟ್ಟ ಕವರನ್ನು ಎಲ್ಲರೆದುರಿಗೆ ಅಂಗಳಕ್ಕೆ ಎಸೆದವನು ಅವನು. ಆ ಕಥೆಯನ್ನು ಹೊಸದಾಗಿ ಬಂದವರಿಗೆ ಯಾರಾದರೂ ಹೇಳುತ್ತಿದ್ದರೆ ಕಡತದಲ್ಲಿ ತಲೆ ಹುದುಗಿಸಿಕೊಂಡು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ. ಎಸೆದ ದಿನ ತೊಟ್ಟಿದ್ದ ಅಂಗಿ ಯಾವುದು, ಅದಕ್ಕೆ ಇಸ್ತ್ರಿ ಹಾಕಿದವರು ಯಾರು ಎಂದು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಅದೇನು ದೊಡ್ಡ ವಿಷಯವೇ? ತರಬೇತಿ ಶಾಲೆಯಲ್ಲಿ ಕಾನೂನು ಹೇಳುತ್ತಿದ್ದ ಮುದುಕ ಮಾಸ್ತರರು ಒಂದು ದಿನ ತಮ್ಮ ಟೀ ಲೋಟವನ್ನು ಎತ್ತಿ ಹಿಡಿದು, "ಅಂಗಡಿಯವನು ಸುಮ್ಮನೆ ಕೊಟ್ಟ. ಇದು ಲಂಚಾನೇನ್ರಪ್ಪ?" ಅಂದಿದ್ದರು. ತರಗತಿ ಎರಡು ಪಾಲಾಯಿತು. ಅವನು ಕೈಯೆತ್ತಿ, "ಲಂಚ ಅಲ್ಲ ಸಾರ್, ಮರ್ಯಾದೆ," ಅಂದ. "ಯಾರ ಮರ್ಯಾದೆ?" ಅಂದರು ಮಾಸ್ತರರು. ಎಲ್ಲರೂ ನಕ್ಕರು. ಅವನ ಕಿವಿ ಕಾದುಹೋಯಿತು. ಮಾಸ್ತರರು ಮಾತ್ರ ನಗದೆ, ಟೀ ಕುಡಿಯದೆ, ಲೋಟವನ್ನು ಮೇಜಿನ ತುದಿಗಿಟ್ಟು ಮುಂದಿನ ಪಾಠಕ್ಕೆ ಹೋದರು. ಅವರೇಕೆ ಕುಡಿಯಲಿಲ್ಲ ಎನ್ನುವುದನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸದವನು ಇವತ್ತು ಬೂಟಿನ ದಾರ ಕಟ್ಟುತ್ತ ಯೋಚಿಸಿದ.

ಶುರುವಾದದ್ದೂ ಟೀಯಿಂದಲೇ. ಈ ಠಾಣೆಗೆ ಬಂದ ಹೊಸತು, ಮೇಲಧಿಕಾರಿಗಳ ತಪಾಸಣೆಯ ಬೆಳಿಗ್ಗೆ, ಬೀದಿ ದಾಟುವಾಗ ಯಾರದೋ ಮೊಣಕೈ ತಗುಲಿ ಎದೆಯ ಮೇಲೆಲ್ಲ ಟೀ ಚೆಲ್ಲಿತ್ತು. ಲಾಂಡ್ರಿಯ ಮಾಲೀಕ ಓಡಿಬಂದು ಕೈ ಹಿಡಿದೇ ಒಳಗೆ ಎಳೆದುಕೊಂಡು ಹೋದ. ಪರದೆಯ ಹಿಂದೆ ಸ್ಟೂಲಿನ ಮೇಲೆ ಬರೀ ಬನಿಯನ್ನಿನಲ್ಲಿ, ಹಳೇ ಪತ್ರಿಕೆಯೊಂದನ್ನು ಎದೆಗೆ ಅಡ್ಡ ಹಿಡಿದು ಇವನು ಕೂತಿದ್ದ. ಅಧಿಕಾರವೆಲ್ಲ ಅಂಗಿಯ ಜೊತೆಗೇ ಎದ್ದು ಹೋದ ಹಾಗಿತ್ತು. ಪರದೆಯ ಕೆಳಗಿನಿಂದ ಒದ್ದೆ ನೆಲದ ಮೇಲೆ ನಿಂತ ಯಾರದೋ ಬರಿಗಾಲುಗಳು ಕಾಣುತ್ತಿದ್ದವು. ಹತ್ತೇ ನಿಮಿಷಕ್ಕೆ ಅಂಗಿ ಹೊಸದಾಗಿ ಬಂತು. ಜೇಬಿಗೆ ಕೈ ಹಾಕಿದರೆ, "ಅಯ್ಯೋ, ಒಂದು ಅಂಗಿಗೆ ದುಡ್ಡು ತಗೊಳ್ಳೋದಾ ಸಾರ್? ನನಗೇ ನಾಚಿಕೆ ಆಗುತ್ತೆ," ಎಂದ ಮಾಲೀಕ. ಆ ವಾರ ಒಂದು, ಮುಂದಿನ ವಾರ ಮೂರು. ಆಮೇಲೆ ಅದು ಸೂರ್ಯ ಹುಟ್ಟುವ ಹಾಗೆ ನಡೆದುಕೊಂಡು ಬಂತು, ಒಂಬತ್ತು ವರ್ಷ. ಮಾಲೀಕ ಒಂದು ದಿನಕ್ಕೂ ಏನನ್ನೂ ಕೇಳಲಿಲ್ಲ. ಅಂಗಡಿಯ ಮುಂದೆ ಅವನ ಗಾಡಿ ಅಡ್ಡ ನಿಂತಿದ್ದರೆ ಇವನೂ ಆ ಕಡೆ ನೋಡಲಿಲ್ಲ. ಅದು ಲೆಕ್ಕ ಹಾಕಿ ಮಾಡಿದ್ದಲ್ಲ. ಕತ್ತು ತಾನಾಗಿಯೇ ಇನ್ನೊಂದು ಕಡೆ ತಿರುಗುತ್ತಿತ್ತು, ಅಷ್ಟೆ.

ಆಸ್ಪತ್ರೆಯ ಗೇಟಿನಲ್ಲಿ ಮಾಲೀಕ ನಿಂತಿದ್ದ. ಹಿಂದಿನ ದಿನ ವಿಚಾರಣೆಗೆ ಕರೆಸಿ, ಬರೆಸಿಕೊಂಡು, ಬಿಟ್ಟಿದ್ದರು. ಎರಡೇ ದಿನದಲ್ಲಿ ಮುಖ ಇಳಿದು ಹೋಗಿತ್ತು. ಕೈಯಲ್ಲಿ ಹಣ್ಣಿನ ಚೀಲ. "ಕಣ್ಣಿಗೆ ಕಣ್ಣು ಹತ್ತಿಲ್ಲ ಸಾರ್," ಎಂದ. "ನಮ್ಮ ಮನೆಯೋಳ ಹಾಗೆ ಇದ್ಲು. ಒಳಗೆ ಹೋದ್ರೆ ಅವಳ ತಂಗಿ ಬಾಗಿಲು ಬಿಡ್ತಿಲ್ಲ." ಮಾಲೀಕ ಹಣ್ಣಿನ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡ. "ನಾನೇನೂ ಕೇಳಲ್ಲ ಸಾರ್. ನೀವು ಉಂಟು, ನಿಮ್ಮ ಕೆಲಸ ಉಂಟು. ನೀವು ನೋಡಿದ ಹಾಗೆ ಬರೀರಿ." ಹೀಗೆನ್ನುತ್ತಲೇ ಅವನ ಬಲಗೈ, ಯಾವ ಯೋಚನೆಯೂ ಇಲ್ಲದೆ, ಒಂಬತ್ತು ವರ್ಷದ ಅಭ್ಯಾಸದಿಂದ, ಇವನ ಭುಜದ ಮೇಲೆ ಕೂತಿದ್ದ ಒಂದು ನೂಲನ್ನು ಹೆಕ್ಕಿ ತೆಗೆಯಿತು, ಕಾಲರಿನ ತುದಿಯನ್ನು ಎರಡು ಬೆರಳಲ್ಲಿ ನೇವರಿಸಿ ಸರಿಮಾಡಿತು. ಇವನು ತಡೆಯಲಿಲ್ಲ. ಕತ್ತು ತುಸು ಎತ್ತಿ ಅನುವು ಮಾಡಿಕೊಟ್ಟ. ಮಾಡಿಕೊಟ್ಟದ್ದು ಗೊತ್ತಾದದ್ದು ಮೆಟ್ಟಿಲು ಹತ್ತಿದ ಮೇಲೆ. ಅಲ್ಲಿ ಕೈಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತ. ಮೇಲಿನಿಂದ ಇಳಿದು ಬರುತ್ತಿದ್ದ ನರ್ಸ್, "ಹುಷಾರಿಲ್ವಾ ಸಾರ್?" ಎಂದು ಕೇಳಿದಳು.

ಉದ್ದನೆಯ ಓಣಿಯಲ್ಲಿ ಎಡಕ್ಕೊಂದು ಕೋಣೆ. ಅಲ್ಲಿ ಉಪಕರಣಗಳನ್ನು ಹಬೆಯಲ್ಲಿ ಬೇಯಿಸುವ ಯಂತ್ರ ಬುಸ್ ಎನ್ನುತ್ತಿತ್ತು. ನಾಲ್ಕು ತಿಂಗಳ ಹಿಂದೆ ಠಾಣೆಗೆ ಬಂದಿದ್ದಾಗ ಇದೇ ಇಸ್ತ್ರಿ ಹೆಂಗಸು ಅದೇ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದ್ದಳು. "ಬುಸ್ ಅಂತಿತ್ತು ಸಾರ್, ಈಗ ಅನ್ನಲ್ಲ. ಅದೇ ಭಯ. ಸೇಫ್ಟಿ ವಾಲ್ವಿಗೆ ತಂತಿ ಸುತ್ತಿಬಿಟ್ಟಿದಾರೆ. ಹಬೆ ಸುಮ್ನೆ ಹೋಗುತ್ತೆ, ಕೆಲಸ ನಿಲ್ಲುತ್ತೆ ಅಂತ." ಆ ಹೊತ್ತು ಅವನ ಮುಂದೆ ಮಗಳ ಶಾಲೆಯ ಅರ್ಜಿ ಇತ್ತು. ಪೋಷಕರ ಉದ್ಯೋಗ ಎನ್ನುವ ಖಾನೆಯಲ್ಲಿ ಚೆಂದದ ಅಕ್ಷರದಲ್ಲಿ ಬರೆಯುತ್ತಿದ್ದ. ತಲೆಯೆತ್ತಿದ್ದನೇ? ಎತ್ತಿರಬೇಕು. ಮುಖ ನೆನಪಾಗುತ್ತಿಲ್ಲ. ನೆನಪಿರುವುದು ಮುಂಗೈಗಳು, ಅವುಗಳ ಮೇಲೆ ಸಣ್ಣಸಣ್ಣ ಹಳೆಯ ಸುಟ್ಟ ಗುರುತುಗಳು. "ಮಷೀನ್ ವಿಷಯ ನಮಗೇನು ಗೊತ್ತಾಗುತ್ತಮ್ಮ? ಅದು ಕಾರ್ಖಾನೆ ಇಲಾಖೆಯವರ ಕೆಲಸ. ಅವರ ಆಫೀಸಿಗೆ ಹೋಗು," ಅಂದಿದ್ದ. ಅದು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು. ನಿಜವಾಗಿಯೂ ಅದು ಅವರ ಕೆಲಸವೇ, ನಿಯಮ ತೆಗೆದು ನೋಡಿದರೂ ಹಾಗೆಯೇ ಇದೆ. ಎರಡು ದಿನದಿಂದ ಆ ನಿಯಮವನ್ನು ಅವನು ನಾಲ್ಕು ಸಲ ತೆಗೆದು ಓದಿದ್ದಾನೆ. ಆದರೆ ಬಂದವರ ದೂರನ್ನು ಠಾಣೆಯ ದಿನಚರಿಯಲ್ಲಿ ಒಂದು ಸಾಲು ಬರೆದು ಆ ಇಲಾಖೆಗೆ ಕಳಿಸಬೇಕು ಎಂದು ಅದರ ಕೆಳಗಿನ ಸಾಲಿನಲ್ಲಿದೆ. ಅವನು ಬರೆಯಲಿಲ್ಲ. ಬದಲಿಗೆ ಫೋನ್ ತೆಗೆದು, ಅವಳ ಎದುರಿನಲ್ಲೇ, ನಗುತ್ತ, "ನಿಮ್ಮೋರು ಯಾರೋ ಬಂದಿದಾರೆ ನೋಡಿ, ಬಂದು ಸಮಾಧಾನ ಮಾಡಿ ಕರ್ಕೊಂಡು ಹೋಗಿ," ಅಂದ. ಮಾಲೀಕನೂ ನಗುತ್ತಲೇ ಬಂದ. ಕರೆದುಕೊಂಡು ಹೋಗುವಾಗ ತಿರುಗಿ, "ನಾಳೆ ಬಟ್ಟೆ ಕಳಿಸ್ತೀನಿ ಸಾರ್," ಅಂದ. ಎಲ್ಲ ಸೇರಿ ಕಾಲು ಗಂಟೆಯ ಮಾತು. ಅರ್ಜಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಓಣಿಯ ಕೊನೆಯ ಕೋಣೆಯ ಬಾಗಿಲಲ್ಲಿ ತಂಗಿ ಕೂತಿದ್ದಳು. ಲಾಂಡ್ರಿಯ ಕೌಂಟರಿನಲ್ಲಿ ಬಟ್ಟೆಗೆ ಚೀಟಿ ಸಿಕ್ಕಿಸುತ್ತಿದ್ದ ಹುಡುಗಿ. ಇವನನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದವಳು ಇವತ್ತು ಏಳಲಿಲ್ಲ, ಕಾಲು ಮಾತ್ರ ಸರಿಸಿ ದಾರಿ ಬಿಟ್ಟಳು. ಮಂಚದ ಮೇಲೆ ಹೆಂಗಸು ದಿಂಬಿಗೆ ಒರಗಿದ್ದಳು. ಬಲಗೈ ಭುಜದಿಂದ ಬೆರಳ ತುದಿಯವರೆಗೆ ಬಿಳಿ ಸುತ್ತು, ಕುತ್ತಿಗೆಗೆ ಬಿಳಿ ಸುತ್ತು, ಬಲಗೆನ್ನೆಯ ಮೇಲೆ ಮುಲಾಮಿನ ಹೊಳಪು. ಡಾಕ್ಟರು ಬಂದು ಪ್ರಜ್ಞೆ ಸರಿಯಿದೆ ಎಂದು ಸಹಿ ಹಾಕಿ ಹೋದರು. ಅವನು ಕಾಗದ ತೆಗೆದು, ಅಡಿಗೆ ರಟ್ಟಿಟ್ಟುಕೊಂಡು, ದಿನಾಂಕ ಬರೆದ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಎದೆಯನ್ನು ನೋಡುತ್ತಿದ್ದಳು.

"ಆ ಜೇಬಿನ ಹೊಲಿಗೆ ನಿಂತಿದೆ ಅಲ್ವಾ ಸಾರ್," ಎಂದಳು.

"ಯಾವುದು?"

"ಬಲಗಡೆ ಜೇಬು. ಬಿಟ್ಟುಹೋಗಿತ್ತು. ದಾರ ಬೇರೆ ಬಣ್ಣದ್ದು ಇದ್ದಿದ್ದು, ಕಾಣಿಸಬಾರದು ಅಂತ ಒಳಗಡೆಯಿಂದ ಹಾಕಿದ್ದೆ."

ಅವನು ಬೆರಳಿಂದ ಮುಟ್ಟಿ ನೋಡಿಕೊಂಡ. ಇತ್ತು. "ಮಾಲೀಕರು ಹೇಳಿದ್ರಾ ಹಾಕು ಅಂತ?"

"ಅವರಿಗೆ ಹೊಲಿಗೆ ಎಲ್ಲಿ ಗೊತ್ತಾಗುತ್ತೆ ಸಾರ್." ಅವಳ ಎಡಗೆನ್ನೆ ಮಾತ್ರ ನಕ್ಕಿತು. "ಮೊದಲನೇ ದಿನ ಪರದೆ ಹಿಂದೆ ಪೇಪರ್ ಹಿಡ್ಕೊಂಡು ಕೂತಿದ್ರಲ್ಲ, ಅವತ್ತಿಂದ ನಿಮ್ಮ ಬಟ್ಟೆ ನಂದೇ. ನಿಮ್ಮದಕ್ಕೆ ಚೀಟಿ ಇರಲ್ಲ ನೋಡಿ. ಚೀಟಿ ಇದ್ದದ್ದು ಮಾಡಿದ್ರೆ ನನ್ನ ದಿನದ ಕೆಲಸಕ್ಕೆ ಸೇರುತ್ತೆ, ಇಲ್ಲದ್ದು ಸೇರಲ್ಲ. ಅದಕ್ಕೆ ಊಟದ ಹೊತ್ತಲ್ಲಿ ಮಾಡಿಬಿಡ್ತಿದ್ದೆ, ಎಲ್ಲರೂ ಹೊರಗೆ ಹೋದಾಗ. ಮಷೀನ್ ಖಾಲಿ ಇರುತ್ತಲ್ಲ."

ಅವನ ಕೈ ಕಾಗದದ ಮೇಲೆ ನಿಂತಿತು. ಒಂಬತ್ತು ವರ್ಷ ಮಾಲೀಕ ಕೊಟ್ಟದ್ದು ಅಂದುಕೊಂಡಿದ್ದನಲ್ಲ. ಮಾಲೀಕ ಕೊಟ್ಟಿರಲೇ ಇಲ್ಲ. ಇವಳ ತುತ್ತಿನ ಹೊತ್ತನ್ನು ಎತ್ತಿ ಇವನ ಬೆನ್ನಿಗೆ ಹೊದಿಸಿ, ನಾಚಿಕೆ ಆಗುತ್ತೆ ಸಾರ್ ಎಂದು ನಕ್ಕಿದ್ದ. ಒಳಗಿನಿಂದ ಏನೋ ಒಂದು ಪ್ರಶ್ನೆ ಎದ್ದು ಬರುತ್ತಿತ್ತು. ಅದನ್ನು ಕೇಳಬಾರದು ಅನಿಸಿತು. ಆದರೆ ಅದು ತನಿಖೆಯ ಪ್ರಶ್ನೆಯೇ ಆಗಿತ್ತು, ಯಾವ ಸಬ್ ಇನ್ಸ್‌ಪೆಕ್ಟರ್ ಆದರೂ ಕೇಳಲೇಬೇಕಾದದ್ದು.

"ಮೊನ್ನೆ... ಎಷ್ಟು ಹೊತ್ತಿಗೆ ಆಗಿದ್ದು?"

"ಊಟದ ಹೊತ್ತು ಸಾರ್."

"ಒಬ್ಬರೇ ಇದ್ರಾ?"

"ಹೂಂ."

"ಪ್ರೆಸ್ ಮೇಲೆ ಯಾವ ಬಟ್ಟೆ ಇತ್ತು?"

ಅವಳು ಗೋಡೆಯ ಕಡೆ ನೋಡಿದಳು. ಬಾಗಿಲಲ್ಲಿದ್ದ ತಂಗಿ ಇವನ ಕಡೆ ನೋಡಿದಳು. "ಚೀಟಿ ಇಲ್ಲದ್ದು," ಎಂದಳು ಹೆಂಗಸು. ಓಣಿಯಲ್ಲಿ ಹಬೆಯ ಯಂತ್ರ ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು. ಮೂರು ಅಂಗಿ. ಅವನ್ನು ಕಳಿಸಿದ ಬೆಳಿಗ್ಗೆ ತಾನೇ, ನಾಳಿದ್ದು ಬೇಕು, ಮರೀಬೇಡಿ ಅಂತ ಹೇಳು ಎಂದು ಹೆಂಡತಿಗೆ ಹೇಳಿದ್ದು ನೆನಪಾಯಿತು. ನಾಳಿದ್ದು ಏನಿತ್ತು? ಏನೂ ಇರಲಿಲ್ಲ. ಬೀರುವಿನಲ್ಲಿ ಇನ್ನೂ ಎರಡು ಇದ್ದವು. ಸುಮ್ಮನೆ ಹೇಳಿದ್ದ, ಹೇಳುವ ರೂಢಿಯಿಂದ. ಬೆನ್ನ ಮೇಲಿನ ಅಂಗೈ ಈಗ ಒತ್ತುತ್ತಿರಲಿಲ್ಲ. ಬರೀ ಇತ್ತು. ಅವನಿಗೆ ಆ ಕೋಣೆಯಲ್ಲೇ ಅಂಗಿ ಬಿಚ್ಚಿ ಮತ್ತೆ ಪತ್ರಿಕೆ ಅಡ್ಡ ಹಿಡಿದು ಕೂತುಬಿಡಬೇಕು ಅನಿಸಿತು. ಬಿಚ್ಚಲಿಲ್ಲ. ಬರೆಯುತ್ತ ಹೋದ. ಅವಳು ಹೇಳಿದ್ದು ತಂತಿಯ ವಿಷಯ, ಮುಂಚೆ ಎರಡು ಸಲ ಒತ್ತಡದ ಮುಳ್ಳು ಕೆಂಪು ಗೆರೆ ದಾಟಿದ ವಿಷಯ, ಮಾಲೀಕ ಏನಾಗಲ್ಲ ಹೋಗು ಅಂದ ವಿಷಯ. ಅವಳ ಮಾತು ಅವನ ಅಕ್ಷರದಲ್ಲಿ ಗಟ್ಟಿಯಾಗಿ, ಸರ್ಕಾರಿಯಾಗಿ, ಸಾಲು ಹಿಡಿದು ನಿಲ್ಲುತ್ತಿತ್ತು. ಈ ಬಗ್ಗೆ ಹಿಂದೆ ಎಲ್ಲಾದರೂ ದೂರು ನೀಡಿದ್ದೀರಾ ಎನ್ನುವಲ್ಲಿಗೆ ಬಂದು ನಿಂತ.

ಅವಳೇ ಮಾತೆತ್ತಿದಳು, ದನಿ ತಗ್ಗಿಸಿ. "ನಾನು ಠಾಣೆಗೆ ಬಂದಿದ್ದು ಬೇಡ ಬಿಡಿ ಸಾರ್, ಬರೀಬೇಡಿ. ನಿಮಗ್ಯಾಕೆ ಸುಮ್ನೆ ತೊಂದರೆ. ನಾನು ಎಲ್ಲೂ ಬಾಯಿ ಬಿಡಲ್ಲ." ಎಡಗೈಯಿಂದ ಹೊದಿಕೆಯ ಅಂಚನ್ನು ನೀವಿದಳು, ಸುಕ್ಕು ತೆಗೆಯುವ ಹಾಗೆ. "ಇವಳಿಗೆ ಆ ಕೌಂಟರಿನ ಕೆಲಸ ಇದೆಯಲ್ಲ, ಅದೊಂದು ಹೋಗದ ಹಾಗೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ. ನೀವು ಹೇಳಿದ್ರೆ ಇಲ್ಲ ಅನ್ನಲ್ಲ ಅವರು. ದೊಡ್ಡದೇನಲ್ಲ ಸಾರ್."

ದೊಡ್ಡದೇನಲ್ಲ. ಆ ಮಾತಿನ ರಾಗ ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷ ಪ್ರತಿ ವಾರ ಕೇಳಿದ ರಾಗವೇ ಅದು. ಬಾಯಿ ಮಾತ್ರ ಬೇರೆಯಾಗಿತ್ತು. ಮತ್ತು ಆ ಕ್ಷಣ ಅವನಿಗಾದದ್ದು ಸಂಕಟವಲ್ಲ. ಇದನ್ನು ಅವನು ಆಮೇಲೆ ಎಷ್ಟೋ ದಿನ ಯಾರಿಗೂ ಹೇಳಲಾರದೆ ಹೋದ. ಆದದ್ದು ನೆಮ್ಮದಿ. ಮೈ ತುಂಬ ತಂಪು ಹರಿದ ಹಾಗೆ ನೆಮ್ಮದಿ. 'ಈ ಬಗ್ಗೆ ಹಿಂದೆ ಎಲ್ಲಿಯೂ ದೂರು ನೀಡಿರುವುದಿಲ್ಲ' ಎನ್ನುವ ವಾಕ್ಯ ಆಗಲೇ ತಲೆಯಲ್ಲಿ ಸಿದ್ಧವಾಗಿ, ಪೆನ್ನು ಕಾಗದಕ್ಕೆ ತಾಗಿ, 'ಈ' ಬರೆದೂ ಆಗಿತ್ತು. ಅಲ್ಲಿಗೆ ನಿಂತ. ಧರ್ಮ, ನ್ಯಾಯ ಎಂದೆಲ್ಲ ಏನೂ ಹೊಳೆಯಲಿಲ್ಲ ಅವನಿಗೆ. ಹೊಳೆದದ್ದು ಇಷ್ಟೇ: ಬರೆದದ್ದನ್ನು ಕೊನೆಯಲ್ಲಿ ಇವಳಿಗೆ ಓದಿ ಹೇಳಬೇಕು, ಓದಿ ಹೇಳಿದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿಸಬೇಕು, ಅದು ನಿಯಮ. ಆ ವಾಕ್ಯವನ್ನು ತನ್ನ ಗಂಟಲಿನಿಂದ, ಇವಳ ಮುಖದೆದುರಿಗೆ, ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲೇ ಒಮ್ಮೆ ಓದಿ ನೋಡಿದ. ಆಗಲಿಲ್ಲ. 'ಈ' ಎನ್ನುವುದರ ಮುಂದೆ ಇನ್ನೇನು ಬರೆಯಬಹುದೆಂದು ಸ್ವಲ್ಪ ಹೊತ್ತು ನೋಡಿ, 'ಈ ಬಗ್ಗೆ ನಾಲ್ಕು ತಿಂಗಳ ಹಿಂದೆ ಠಾಣೆಗೆ ಹೋಗಿ, ಈ ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿಯವರಿಗೇ ತಿಳಿಸಿರುತ್ತೇನೆ' ಎಂದು ಬರೆದ. ಅಲ್ಲಿಂದ ಕೈ ನಿಲ್ಲಲಿಲ್ಲ. ದಿನಚರಿಯಲ್ಲಿ ದಾಖಲಿಸದೆ ಇದ್ದದ್ದು, ಮಾಲೀಕನಿಗೆ ಫೋನ್ ಮಾಡಿದ್ದು, ಚೀಟಿ ಇಲ್ಲದ ಬಟ್ಟೆ, ಊಟದ ಹೊತ್ತು, ಮೂರು ಅಂಗಿ.

ಓದಿ ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ತಂಗಿ ಎದ್ದು ಮಂಚದ ಹತ್ತಿರ ಬಂದು, "ಅಕ್ಕಾ, ಬೇಡ ಅಂದ್ಯಲ್ಲ ನೀನು. ಇವರ್ಯಾಕೆ ಬರೆದ್ರು?" ಎಂದಳು. ಅಕ್ಕ ಕಣ್ಣು ತೆರೆದಳು. ಶಾಯಿಯ ಡಬ್ಬಿ ತೆರೆದು ಅವಳ ಎಡಗೈ ಹಿಡಿಯಲು ಇವನು ಬಾಗಿದಾಗ, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಒಂದು ಬಿಟ್ಟಿದೀರಿ."

"ಏನು?"

"ಅವತ್ತು ನೀವು ನನಗೆ ಕೂತ್ಕೋ ಅಂತ ಅನ್ನಲಿಲ್ಲ. ಕುರ್ಚಿ ಖಾಲಿ ಇತ್ತು. ಕೂತಿದ್ರೆ ಇನ್ನೂ ನಾಲ್ಕು ಮಾತು ಹೇಳ್ತಿದ್ದೆನೋ ಏನೋ. ಬರೆಯೋದೇ ಆದ್ರೆ ಅದನ್ನೂ ಬರೀರಿ."

ಅವನು ಬರೆದ. ಅವಳು ಹೆಬ್ಬೆಟ್ಟು ಕೊಟ್ಟಳು.

ಆಸ್ಪತ್ರೆಯಿಂದ ಹೊರಗೆ ಬರುವಾಗ ಅವನಿಗೆ ಮೈ ಹಗುರವಾಗಿತ್ತು. ತಾನು ಮಾಡಿದ್ದನ್ನು ತಾನೇ ದೂರದಿಂದ ನೋಡುತ್ತ, ಕಡತದಲ್ಲಿ ತಲೆ ಹುದುಗಿಸಿಕೊಂಡು ಕವರಿನ ಕಥೆ ಕೇಳಿಸಿಕೊಳ್ಳುತ್ತಿದ್ದ ಹಾಗೆಯೇ ಅದರ ಸುಖ ಹೀರುತ್ತ ನಡೆದ. ಗೇಟಿನಲ್ಲಿ ಮಾಲೀಕ ಇರಲಿಲ್ಲ. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಎರಡು ಸಲ ಓದಿದರು. "ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೊಂಡಿದೀರಲ್ರೀ," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಮನೆಯ ಪರದೆಗಳೂ ಅದೇ ಲಾಂಡ್ರಿಗೆ ಹೋಗುತ್ತಿದ್ದವು. "ಮಿಕ್ಕಿದ್ದೆಲ್ಲ ಹೇಗೋ ನಿಭಾಯಿಸಬಹುದು. ಇದೇನಿದು, ಕೂರಲು ಹೇಳಲಿಲ್ಲ ಅಂತ? ಇದು ಯಾವ ಕಲಮಿನ ಕೆಳಗೆ ಬರುತ್ತೆ?" "ಗೊತ್ತಿಲ್ಲ ಸಾರ್," ಎಂದ. "ಬೇರೆ ಬರ್ಕೊಂಡು ಬನ್ನಿ. ಅವಳೇ ಬೇಡ ಅಂದಿದಾಳಂತಲ್ಲ." "ಅವರ ಹೆಬ್ಬೆಟ್ಟು ಬಿದ್ದಿದೆ ಸಾರ್." "ಆಯ್ತು, ಹೋಗಿ ಹುತಾತ್ಮರಾಗಿ," ಎಂದು ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು.

ಹುತಾತ್ಮನೇನೂ ಆಗಲಿಲ್ಲ. ಮಾಲೀಕನನ್ನು ಬಂಧಿಸಿದರು, ಮೂರನೇ ವಾರ ಜಾಮೀನಿನ ಮೇಲೆ ಹೊರಬಂದ. ಲಾಂಡ್ರಿಗೆ ಬೀಗಮುದ್ರೆ ಬಿತ್ತು. ತಂಗಿಯ ಕೆಲಸವೂ ಹೋಯಿತು, ಇನ್ನೂ ಒಂಬತ್ತು ಜನರದ್ದೂ ಹೋಯಿತು. ತನಿಖೆ ಬೇರೆ ಅಧಿಕಾರಿಗೆ ಹೋಯಿತು. ಇವನ ಕೈಗೆ ಒಂದು ಕಾಗದ ಬಂತು, ಇನ್ನು ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು ಎಂದು. ಅಷ್ಟೇ ಇತ್ತು ಅದರಲ್ಲಿ. ಹೆಂಡತಿ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ, "ಹೋಗಲಿ, ಕೆಲಸ ಉಳೀತಲ್ಲ," ಎಂದಳು. ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬ ಟೀ ತಂದಿಡುತ್ತ, "ನಿಮ್ಮಂಥೋರು ಇರಬೇಕು ಸಾರ್," ಎಂದ. ಗರಿ ಸಾಹೇಬರು ಎನ್ನುವ ಹೆಸರನ್ನು ಈಗ ಕೆಲವರು ಎದುರಿಗೇ, ಗೌರವದಿಂದ ಹೇಳುತ್ತಿದ್ದರು. ಆಗಾಗ, ಯಾವುದೋ ಕಾಗದಕ್ಕೆ ಸಹಿ ಹಾಕುತ್ತಿರುವಾಗ, ಬಸ್ಸಿಗೆ ಕಾಯುತ್ತಿರುವಾಗ, ಬೆನ್ನಿನ ಮೇಲೆ ಆ ಅಂಗೈ ಬಂದು ಕೂರುತ್ತಿತ್ತು. ಆದರೂ ಅದಕ್ಕೆ ಅವನು ಹೊಂದಿಕೊಂಡಿದ್ದ. ತಪ್ಪು ಒಪ್ಪಿಕೊಂಡವನಿಗೆ ಇಷ್ಟಾದರೂ ಇರಬೇಕಾದದ್ದೇ, ಇದು ತನಗೆ ಸಲ್ಲುವ ನೋವು ಎಂದುಕೊಂಡು, ಆ ನೋವನ್ನು ಒಂದು ಪದಕದ ಹಾಗೆ ಒಳಗಡೆ ಧರಿಸಿಕೊಂಡಿದ್ದ.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ತಂಗಿ ಠಾಣೆಗೆ ಬಂದಳು. ಅವನು ಥಟ್ಟನೆ ಎದ್ದ. ಮೇಜು ಸುತ್ತಿಬಂದು ಎದುರಿನ ಕುರ್ಚಿಯನ್ನು ತಾನೇ ಎಳೆದು, "ಕೂತ್ಕೊಳ್ಳಿ," ಎಂದ. ತನ್ನ ದನಿಯಲ್ಲಿದ್ದ ವಿನಯ ಅವನಿಗೇ ಕೇಳಿಸಿತು.

"ಕೂರೋಕೆ ಬಂದಿಲ್ಲ," ಎಂದಳು. "ದೂರು ಕೊಡಬೇಕು."

"ಅಕ್ಕ ಹೇಗಿದಾರೆ?"

"ಹೊರಗೆ ಮೆಟ್ಟಿಲ ಹತ್ರ ಇದಾಳೆ. ಒಳಗೆ ಬರಲ್ಲ ಅಂದ್ಲು. ಬೆರಳು ಒಂದಕ್ಕೊಂದು ಅಂಟಿಕೊಂಡಿದೆ. ಮುಷ್ಟಿ ಕಟ್ಟೋಕಾಗಲ್ಲ, ಬಿಚ್ಚೋಕೂ ಆಗಲ್ಲ." ಅವಳು ಚೀಲದಿಂದ ಆರೋಪಪಟ್ಟಿಯ ಪ್ರತಿ ತೆಗೆದಳು. ಕೋರ್ಟಿನಿಂದ ಪಡೆದದ್ದು, ಮಡಿಕೆಗಳಲ್ಲಿ ಸವೆದಿತ್ತು. ಒಂದು ಪುಟ ತೆರೆದು ಮೇಜಿನ ಮೇಲಿಟ್ಟು ಬೆರಳು ತೋರಿಸಿದಳು. "ಇದರಲ್ಲಿ ಮಾಲೀಕರು ಆರೋಪಿ. ನೀವು ಹನ್ನೊಂದನೇ ಸಾಕ್ಷಿ."

"ಹೌದು. ನಾನೇ ಬರೆದಿದ್ದಲ್ಲ, ಅದರ ಮೇಲೇನೇ ಕೇಸು ನಿಂತಿರೋದು."

"ನೀವು ಸಾಕ್ಷಿ ಅಲ್ಲ ಸಾರ್."

ಅವಳು ಕಿರುಚಲಿಲ್ಲ. ಬಟ್ಟೆಗೆ ತಪ್ಪು ಚೀಟಿ ಬಿದ್ದಿದೆ ಎಂದು ಹೇಳುವ ಹಾಗೆ ಹೇಳಿದಳು. ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. "ಅಕ್ಕ ಬರೀಬೇಡಿ ಅಂದ್ಲು, ನೀವು ಬರೆದ್ರಿ. ಬರೆದು ನೀವು ಹಗುರ ಆದ್ರಿ. ನಮಗೆ ಇದ್ದ ಒಂದು ಕೆಲಸಾನೂ ಹೋಯ್ತು, ಆಗಲಿ, ಅದಕ್ಕೆ ನಾನು ಬಂದಿಲ್ಲ. ಆದ್ರೆ ಇಷ್ಟೆಲ್ಲ ಬರೆದೋರು ಇದೊಂದನ್ನ ಹೇಗೆ ಬಿಟ್ರಿ? ಬಂದು ಹೇಳಿದ್ದನ್ನ ಬರ್ಕೊಳ್ಳಲಿಲ್ಲ ಅಂತ ಆರೋಪಿ ಜಾಗದಲ್ಲಿ ಬರಬೇಕಾದೋರು ಯಾರು?"

ಇದನ್ನು ನಾನು ಬರೆದುಕೊಳ್ಳುವ ಹಾಗಿಲ್ಲಮ್ಮ, ಮೇಲಿನ ಕಚೇರಿಗೆ ಹೋಗಿ ಕೊಡಬೇಕು. ಈ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳಲ್ಲ ಅದು. ನಿಯಮ ತೆಗೆದು ನೋಡಿದರೆ ಹಾಗೆಯೇ ಇರುತ್ತದೆ. ಆ ಮಾತು ಎಷ್ಟು ಸರಾಗವಾಗಿ, ಎಷ್ಟು ಸಭ್ಯವಾಗಿ, ಯಾರದೂ ತಪ್ಪಿಲ್ಲದ ಹಾಗೆ ಬಂದು ಕೂತಿದೆ ಎಂದು ಅವನಿಗೆ ಮೈ ಜುಮ್ಮೆಂದಿತು. ಆರು ತಿಂಗಳಿಂದ ಒಳಗೆ ಧರಿಸಿಕೊಂಡಿದ್ದ ನೋವು ಅಲ್ಲೇ, ಆ ಹುಡುಗಿಯ ಎದುರಿಗೆ, ಏನೂ ಅಲ್ಲದ ವಸ್ತುವಾಗಿ ಕಳಚಿ ಬಿತ್ತು. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಹೆಸರಿಲ್ಲದ್ದು, ತಣ್ಣಗಿದ್ದದ್ದು. ಅದು ಇಷ್ಟು ದಿನವೂ ಅಲ್ಲೇ ಇತ್ತು.

"ಸಾರ್, ನಾನು ಕಳಿಸ್ಲಾ ಇವರನ್ನ?" ಎಂದು ಕಾನ್‌ಸ್ಟೇಬಲ್ ಎದ್ದ.

"ಬೇಡ," ಎಂದ ಅವನು. ತನ್ನ ಜಾಗಕ್ಕೆ ಹೋಗಲಿಲ್ಲ. ಅವಳು ನಿಂತ ಕಡೆಯೇ ನಿಂತು, ದೂರಿನ ಪುಸ್ತಕವನ್ನು ಎಳೆದುಕೊಂಡು, ಹೊಸ ಹಾಳೆ ತೆರೆದ. ದಿನಾಂಕ ಬರೆದ. ಹೊತ್ತು ಬರೆದ. ದೂರುದಾರರ ಹೆಸರು ಕೇಳಿ ಬರೆದ, ವಿಳಾಸ ಕೇಳಿ ಬರೆದ. ಆಮೇಲೆ, ಕೇಳಲೇಬೇಕಾದ ಕ್ರಮದಲ್ಲಿ, "ಯಾರ ಮೇಲೆ?" ಎಂದು ಕೇಳಿದ.

ಅವಳು ಹೆಸರು ಹೇಳಿದಳು. ಹುದ್ದೆ ಹೇಳಿದಳು. ಅವನು ಬಿಡಿಬಿಡಿ ಅಕ್ಷರಗಳಲ್ಲಿ ಎರಡನ್ನೂ ಬರೆದ. ಮುಂದಿನ ಖಾನೆ ಆರೋಪಿಯ ತಂದೆಯ ಹೆಸರು. ಅದು ಅವಳಿಗೆ ಗೊತ್ತಿರಲಿಲ್ಲ. ಅವನೇ ತುಂಬಿದ.